ಕಡಜಕ್ಕೆ ಹೊಸ ಬ್ರೇಕು

ಮಾರ್ಚ್ ೩, ಸೋಮವಾರ

ಮೊದಲಿಗೇ ಒಂದು ವಿಷಯ ಬರೆದಿಡುತ್ತೇನೆ. ತಪ್ಪು ಬ್ರೇಕಿನದು, ನನ್ನದಲ್ಲ.

ನಿನ್ನೆ ಸಂಜೆ ಗುಡ್ಡದ ಮೇಲಿನ ಅಕ್ಕನ ಮನೆಯಿಂದ ಇಳಿದು ಬರುತ್ತಿದ್ದೆವು. ಹದಿನಾರನೆಯ ತಿರುವಿನಲ್ಲಿ ಪೆಡಲ್ ಒತ್ತಿದರೆ ಕಾಲು ಸೀದಾ ನೆಲ ಮುಟ್ಟಿತು, ಒದ್ದೆ ಸ್ಪಂಜನ್ನು ತುಳಿದ ಹಾಗೆ. ಬೇರೆ ಯಾರಾದರೂ ಆಗಿದ್ದರೆ ಕಣ್ಣು ಮುಚ್ಚಿ ಕಿರುಚುತ್ತಿದ್ದರು. ನಾನು ಪೆಡಲನ್ನು ನಾಲ್ಕು ಸಲ ತುಳಿದು, ಗೇರು ಎರಡಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಬದಿಗಿದ್ದ ಜಲ್ಲಿ ರಾಶಿಗೆ ಕಾರನ್ನು ಒರಗಿಸಿ ನಿಲ್ಲಿಸಿದೆ. ಬಂಪರಿನಲ್ಲಿ ಅಂಗೈಯಗಲದ ಒಂದು ಗೀರು ಬಿಟ್ಟರೆ ಏನೂ ಆಗಿಲ್ಲ. ಇಪ್ಪತ್ತೆರಡು ವರ್ಷ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡಿದ ಕೈ ಇದು. ನನ್ನ ಕೈಯಿಂದ ಹೋದ ಸೆಟ್ಟು ಸರಿಯಾಗಿ ಕೂರುವುದಿಲ್ಲ ಎಂದು ಇದುವರೆಗೆ ವಾಪಸು ಬಂದದ್ದು ಮೂರೇ ಸಲ.

ಕಾರನ್ನು ಮನೆಯಲ್ಲಿ ಕಡಜ ಎಂದು ಕರೆಯುತ್ತೇವೆ. ನೋಡಿದರೆ ತರಕಾರಿ ತರಲು ಇಟ್ಟುಕೊಂಡ ಹಳದಿ ಹ್ಯಾಚ್‌ಬ್ಯಾಕ್. ಬಾನೆಟ್ಟಿನೊಳಗೆ ಇರುವುದು ಮಾತ್ರ ಇದರ ಎರಡರಷ್ಟು ದೊಡ್ಡ ಕಾರಿಗೂ ಸಾಕಾಗುವ ಇಂಜಿನ್. ಏರಿನಲ್ಲಿ ದೊಡ್ಡ ದೊಡ್ಡ ಕಾರಿನವರು ಇದಕ್ಕೆ ದಾರಿ ಬಿಟ್ಟು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆ ಸುಖ ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ.

ಮಗಳು ಚೂಟಿ ಪಕ್ಕದಲ್ಲೇ ಇದ್ದಳು. ಏನೋ ಸುಟ್ಟ ವಾಸನೆ ಎಂದಳು ಅಂತ ನೆನಪು. ನಾನು ತಿರುವಿನಲ್ಲಿದ್ದೆ, ಮಾತಿಗೆ ಅದು ಹೊತ್ತಲ್ಲ. ಕಾರು ನಿಂತ ಮೇಲೆ ಅವಳು ಇಳಿದಳು. ಮೇಲಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ ಹೋದಳು. ಹತ್ತೊಂಬತ್ತು ವರ್ಷ ಸಾಕಿದ ಮಗಳು ಹೆತ್ತವಳನ್ನು ಜಲ್ಲಿ ರಾಶಿಯ ಪಕ್ಕ ಬಿಟ್ಟು ಹೋದಳು. ಮುಕ್ಕಾಲು ಗಂಟೆ ಕಾದಾಗ ಪೆಡಲ್ ಮತ್ತೆ ಗಟ್ಟಿಯಾಯಿತು, ಮೆಲ್ಲಗೆ ಮನೆಗೆ ಬಂದೆ.

ಮಾರ್ಚ್ ೫, ಬುಧವಾರ

ಚೂಟಿ ಕಾಲೇಜಿಗೂ ಬಸ್ಸಿನಲ್ಲೇ ಹೋಗುತ್ತಿದ್ದಾಳೆ.

ಎರಡು ವರ್ಷದಿಂದ ಬೆಳಗ್ಗೆ ಎಂಟಕ್ಕೆ ಅವಳನ್ನು ಕಾಲೇಜಿನ ಗೇಟಿನಲ್ಲಿ ಇಳಿಸಿ ನಾನು ಲ್ಯಾಬಿಗೆ ಹೋಗುವುದು ರೂಢಿ. ಮನೆಯಲ್ಲಿ ಕೇಳಿದ್ದಕ್ಕೆ ಹೂಂ ಉಹೂಂ ಅನ್ನುವವಳು ಆ ಇಪ್ಪತ್ತು ನಿಮಿಷ ಬಾಯಿಗೆ ಬಿಡುವು ಕೊಡುವುದಿಲ್ಲ. ಯಾವ ಗೆಳತಿ ಯಾರ ಜೊತೆ ಮಾತು ಬಿಟ್ಟಳು, ಯಾವ ಮೇಡಂ ಪಾಠದ ನಡುವೆ ಆಕಳಿಸಿದರು, ತನಗೆ ಯಾವುದು ಅರ್ಥವಾಗುತ್ತಿಲ್ಲ, ಎಲ್ಲವೂ ಕಾರಿನಲ್ಲೇ ಹೊರಗೆ ಬರುತ್ತದೆ. ಮೂರು ದಿನದಿಂದ ಅವಳ ಜಗತ್ತಿನ ಒಂದು ಸುದ್ದಿಯೂ ನನಗಿಲ್ಲ. ಆ ಸೀಟಿನಲ್ಲಿ ಈಗ ನನ್ನ ಊಟದ ಡಬ್ಬಿ ಕೂತಿರುತ್ತದೆ.

ಎಷ್ಟು ದಿನ ಬಸ್ಸು ಎಂದು ಕೇಳಿದೆ. ಗೊತ್ತಿಲ್ಲ ಎಂದಳು.

ಅವಳು ಹೆದರಿದ್ದಾಳೆ, ಅದಕ್ಕೆ ಮದ್ದು ಮಾತಲ್ಲ. ಈ ಕಾರಿಗೆ ಹಾಕಲು ಸಾಧ್ಯವಾದ ಎಲ್ಲಕ್ಕಿಂತ ದೊಡ್ಡ ಬ್ರೇಕು ಹಾಕಿಸುತ್ತೇನೆ. ಚಕ್ರದ ಸಂದಿಯಿಂದ ಕೆಂಪಗೆ ಕಾಣಬೇಕು, ಕಂಡ ಕೂಡಲೇ ಅವಳ ಭಯ ಬಿಡಬೇಕು. ಅವಳನ್ನು ಮತ್ತೆ ಆ ಸೀಟಿನಲ್ಲಿ ಕೂರಿಸದೆ ನಾನು ಬಿಡುವವಳಲ್ಲ.

ಮಾರ್ಚ್ ೮, ಶನಿವಾರ

ಗ್ಯಾರೇಜಿಗೆ ಹೋಗಿದ್ದೆ. ಮೆಕ್ಯಾನಿಕ್ ಅರವತ್ತು ದಾಟಿದ ಮನುಷ್ಯ, ಎಲ್ಲರ ಬಾಯಲ್ಲಿ ಮೇಷ್ಟ್ರು. ಏನು ಕೇಳಿದರೂ ಜೇಬಿನಿಂದ ಸೀಮೆಸುಣ್ಣ ತೆಗೆದು ಸಿಮೆಂಟು ನೆಲದ ಮೇಲೆ ಚಿತ್ರ ಬರೆದು ವಿವರಿಸುತ್ತಾರೆ, ಕೊನೆಗೆ ನಮಗೇ ಒಂದು ಪ್ರಶ್ನೆ ಹಾಕುತ್ತಾರೆ. ಅಲ್ಲಿ ಚಿತ್ರ ತುಳಿಯದೆ ನಡೆಯಬೇಕಾದರೆ ಜಾಗ ಹುಡುಕಬೇಕು.

ಇವತ್ತು ಮೂರು ಚಿತ್ರ ಬರೆದರು. ಒಂದು, ದೊಡ್ಡ ಕಿಟ್. ಊಟದ ತಟ್ಟೆಗಿಂತ ಅಗಲದ ಡಿಸ್ಕು, ಅದನ್ನು ಎರಡು ಕಡೆಯಿಂದಲೂ ಕಚ್ಚಿ ಹಿಡಿಯುವ ಕೆಂಪು ಕ್ಯಾಲಿಪರ್. ಎರಡು, ಇದೇ ಕಂಪನಿಯ ದೊಡ್ಡ ಕಾರಿನಿಂದ ಕಳಚಿ ತಂದು ಹಾಕುವ ಡಿಸ್ಕು. ಮೂರು, ಈಗಿರುವ ಡಿಸ್ಕನ್ನೇ ಇಟ್ಟುಕೊಂಡು ಒಳ್ಳೆಯ ಪ್ಯಾಡು, ಹೊಸ ಬ್ರೇಕ್ ಆಯಿಲ್, ರಬ್ಬರ್ ಪೈಪಿನ ಜಾಗದಲ್ಲಿ ಉಕ್ಕಿನ ಎಳೆ ಹೆಣೆದ ಪೈಪು. ಮೂರನೆಯದನ್ನು ಬರೆಯುವಾಗ ಸೀಮೆಸುಣ್ಣವನ್ನು ಸ್ವಲ್ಪ ಹೆಚ್ಚೇ ಒತ್ತಿದರು. ನಾನು ಕಂಡೂ ಕಾಣದ ಹಾಗಿದ್ದೆ.

ದೊಡ್ಡದೇ ಬೇಕು ಎಂದೆ. ಹೊರಡುವಾಗ ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ಕಾಲವಾಯಿತು ಎಂದು ಕೇಳಿದರು. ಅದನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದೆ. ಕಡಜದ ಇಂಜಿನ್ ಆಯಿಲ್, ಫಿಲ್ಟರ್, ಪ್ಯಾಡು ಎಲ್ಲ ಆಗುವುದು ನನ್ನ ಕೈಯಲ್ಲೇ. ಇನ್ನೊಬ್ಬರ ಕೆಲಸ ನನ್ನ ಕಣ್ಣಿಗೆ ಹಿಡಿಸುವುದು ಕಡಿಮೆ.

ಮಾರ್ಚ್ ೧೧, ಮಂಗಳವಾರ

ಈ ದಿನ ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕು.

ದೊಡ್ಡ ಕ್ಯಾಲಿಪರ್ ನಮ್ಮ ಚಕ್ರದೊಳಗೆ ಹಿಡಿಯುತ್ತದೋ ಇಲ್ಲವೋ ಎಂದು ಮೊದಲು ನೋಡಬೇಕಂತೆ. ಕಿಟ್ ಮಾರುವವರು ಅಳತೆಯ ನಕ್ಷೆ ಕಳಿಸುತ್ತಾರೆ, ಜನ ಅದನ್ನು ರಟ್ಟಿನ ಮೇಲೆ ಅಂಟಿಸಿ ಕತ್ತರಿಸಿ ಚಕ್ರದೊಳಗೆ ಹಿಡಿದು ನೋಡುತ್ತಾರೆ. ರಟ್ಟಂತೆ! ಬಾಯಿಯೊಳಗೆ ಕೂರುವ ವಸ್ತು ಮಾಡುವವಳು ನಾನು, ನಾಲಿಗೆಗೆ ಒಂದು ಮರಳಿನ ಕಣ ಸಿಕ್ಕಿದರೂ ಮನುಷ್ಯ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ. ಊಟದ ಬಿಡುವಿನಲ್ಲಿ ಮೇಣದಲ್ಲಿ ಕ್ಯಾಲಿಪರ್ ಕೆತ್ತಿ, ಅಚ್ಚು ತೆಗೆದು, ಪ್ಲಾಸ್ಟರ್ ಹುಯ್ದೆ. ಸಂಜೆಗೆ ಗಟ್ಟಿಯಾಯಿತು. ಬೋಲ್ಟಿನ ತೂತು, ಅಂಚಿನ ಇಳಿಜಾರು, ಎಲ್ಲ ನಕ್ಷೆಯಲ್ಲಿದ್ದಷ್ಟೇ.

ಲ್ಯಾಬಿನ ಯಜಮಾನರು ಬಂದು ತಿರುಗಿಸಿ ಮುರುಗಿಸಿ ನೋಡಿ ಇದು ಯಾರ ದವಡೆ ಎಂದು ಕೇಳಿದರು. ಕುದುರೆಯದು ಎಂದೆ. ಅವರು ಹೌದೇ ಎಂದು ಹೋದರು.

ಮಾರ್ಚ್ ೧೫, ಶನಿವಾರ

ಮೇಷ್ಟ್ರು ನನ್ನ ಪ್ಲಾಸ್ಟರ್ ಕ್ಯಾಲಿಪರನ್ನು ಎಳೆಗೂಸಿನ ಹಾಗೆ ಎರಡು ಕೈಯಲ್ಲಿ ಎತ್ತಿಕೊಂಡರು. ನಲವತ್ತು ವರ್ಷದಲ್ಲಿ ಇಂಥದ್ದು ನೋಡಿಲ್ಲ, ಕೆಲಸ ಮುಗಿದ ಮೇಲೆ ಶೆಲ್ಫಿನಲ್ಲಿ ಇಡಲು ಕೊಡುತ್ತೀರಾ ಎಂದು ಕೇಳಿದರು. ಮೊದಲು ಮನೆಯವರಿಗೆ ತೋರಿಸಬೇಕು ಎಂದೆ. ಅಷ್ಟು ಹೊಗಳಿಕೆಗೆ ಮುಖ ಬಿಗಿಹಿಡಿದು ನಿಲ್ಲುವುದು ಸುಲಭವಲ್ಲ.

ಚಕ್ರ ಹಾಕಿ ತಿರುಗಿಸಿದರೆ ಕರಕರ ಸದ್ದು. ಚಕ್ರದ ಕಡ್ಡಿ ಪ್ಲಾಸ್ಟರನ್ನು ಎರಡು ಮಿಲಿಮೀಟರ್ ತರಿದಿತ್ತು. ಹಾಗಾದರೆ ಚಕ್ರವೂ ದೊಡ್ಡದಾಗಲಿ ಎಂದೆ. ಮೇಷ್ಟ್ರು ತಲೆ ಕೆರೆದುಕೊಂಡು ಮುಂದಿನ ಶನಿವಾರ ಬನ್ನಿ, ಅಳತೆ ತೆಗೆದುಕೊಳ್ಳೋಣ ಎಂದರು.

ಮನೆಯಲ್ಲಿ ಊಟದ ಮೇಜಿನ ಮೇಲೆ ಕ್ಯಾಲಿಪರ್ ಇಟ್ಟು ಎಲ್ಲ ವಿವರಿಸಿದೆ. ಡಿಸ್ಕು ಎಷ್ಟು ದೊಡ್ಡದು, ಪಿಸ್ಟನ್ ಎಷ್ಟು, ನಿಲ್ಲಲು ಎಷ್ಟು ಕಡಿಮೆ ದೂರ ಸಾಕು, ಒಂದೂ ಬಿಡಲಿಲ್ಲ. ಚೂಟಿ ಅದನ್ನು ಕೈಗೆತ್ತಿಕೊಂಡು ಅಂಚಿನ ಮೇಲೆ ಬೆರಳಾಡಿಸಿದಳು. ತುಂಬಾ ಚೆನ್ನಾಗಿದೆ ಎಂದಳು. ನನಗೆ ಎದೆ ಉಬ್ಬಿತು. ಆಮೇಲೆ ಅದನ್ನು ಮೆಲ್ಲಗೆ ಕೆಳಗಿಟ್ಟು ಹೇಳಿದಳು.

"ಬ್ರೇಕ್ ದೊಡ್ಡದಾದ್ರೆ ನೀನು ಇನ್ನೂ ಜೋರಾಗಿ ಹೋಗ್ತೀಯಮ್ಮಾ, ಅಷ್ಟೇ."

ಮಾರ್ಚ್ ೧೬, ಭಾನುವಾರ

ಅಷ್ಟೇ ಅಂತೆ.

ಅಕ್ಕನ ಮನೆಗೆ ಅವಳು ಬಸ್ಸಿನಲ್ಲಿ, ನಾನು ಕಡಜದಲ್ಲಿ. ಇವರಿಗೆ, ಅಂದರೆ ಚೂಟಿಯ ಅಪ್ಪನಿಗೆ, ಬಂದರಿನಲ್ಲಿ ಪಾಳಿ ಇತ್ತು. ಅಕ್ಕ ಇಬ್ಬರ ಮುಖವನ್ನೂ ನೋಡಿ ಮೊದಲು ಚೂಟಿಗೆ ಬಡಿಸಿದಳು. ಅವಳೂ ಚೂಟಿಯ ಕಡೆಯೇ.

ಇಳಿಯುವಾಗ ಬೇಕೆಂದೇ ಬಸ್ಸಿನ ಹಿಂದೆ ಬಂದೆ. ಹೊಸ ಬ್ರೇಕು ಬರುವವರೆಗೆ ಹೇಗೂ ನಿಧಾನವಾಗಿ ಬರಬೇಕು, ಬಸ್ಸಿನವನು ಮಗಳನ್ನು ಹೇಗೆ ಇಳಿಸಿಕೊಂಡು ಬರುತ್ತಾನೋ ನೋಡಿದ ಹಾಗೂ ಆಯಿತು. ಚೂಟಿ ಕೊನೆಯ ಸಾಲಿನಲ್ಲಿ ಕೂತಿದ್ದಳು. ಒಂದು ಸಲ ಹಿಂದಿನ ಗಾಜಿನಿಂದ ತಿರುಗಿ ನೋಡಿದಳು. ಕೈ ಬೀಸಲಿಲ್ಲ. ಬಹಳ ಹೊತ್ತು ಮುಂದಕ್ಕೆ ತಿರುಗಲೂ ಇಲ್ಲ.

ಒಂಬತ್ತು ಕಿಲೋಮೀಟರು, ಇಪ್ಪತ್ತೊಂದು ತಿರುವು. ಅಷ್ಟರಲ್ಲಿ ಆ ಬಸ್ಸಿನ ಬ್ರೇಕ್ ದೀಪ ಹೊತ್ತಿದ್ದು ಹನ್ನೊಂದೇ ಸಲ. ನಾನು ಎಣಿಸಿದೆ. ಎಮ್ಮೆಯ ಹಾಗೆ ಬರುತ್ತದೆ ಎಂದು ಇಷ್ಟು ವರ್ಷ ಬೈದ ಬಸ್ಸು ಅದು. ಚಾಲಕ ಮೇಲಿನಿಂದಲೇ ಗೇರು ಇಳಿಸಿಕೊಂಡು, ತಿರುವು ಬರುವ ಮೊದಲೇ ವೇಗ ಕಳೆದುಕೊಂಡು, ಬ್ರೇಕನ್ನು ಮುಟ್ಟಿದರೆ ಮುಟ್ಟುತ್ತಾನೆ, ಇಲ್ಲದಿದ್ದರೆ ಇಲ್ಲ. ನಿಂತವರೂ ಕಂಬಿ ಹಿಡಿದಿರಲಿಲ್ಲ.

ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಬಂದರಿನಲ್ಲಿ ಕ್ರೇನ್ ನಡೆಸುವವರು. ಇಪ್ಪತ್ತೈದು ಟನ್ನಿನ ಪೆಟ್ಟಿಗೆಯನ್ನು ಹಡಗಿನಿಂದ ಎತ್ತಿ ಲಾರಿಯ ಮೇಲೆ ಸದ್ದಾಗದ ಹಾಗೆ ಇಡುತ್ತಾರೆ, ಮಾತೂ ಹಾಗೇ.

"ಎತ್ತೋದು ಮೋಟಾರು ಮಾಡುತ್ತೆ," ಎಂದರು. "ಇಳಿಸೋದಕ್ಕೇ ನಮಗೆ ಸಂಬಳ ಕೊಡೋದು."

ಇವರೂ ಅವಳ ಕಡೆಯೇ.

ಮಾರ್ಚ್ ೨೨, ಶನಿವಾರ

ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ, ಇನ್ನೆಲ್ಲೂ ಬಾಯಿ ಬಿಡುವವಳಲ್ಲ.

ಹೊಸ ಚಕ್ರದ ಅಳತೆಗೆಂದು ಹೋದರೆ ಮೇಷ್ಟ್ರು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಹಳೆಯ ಚಹಾದ ಬಣ್ಣ. ಪೆನ್ನಿನಂಥ ಒಂದು ಸಾಧನ ಅದ್ದಿದರು, ಕೆಂಪು ದೀಪ ಹೊತ್ತಿತು. ಆಯಿಲಿನಲ್ಲಿ ನೀರು ಸೇರಿದೆ, ಬ್ರೇಕು ಕಾದಾಗ ಆ ನೀರು ಕುದಿದು ಆವಿಯಾಗುತ್ತದೆ, ಆವಿಯನ್ನು ಎಷ್ಟು ತುಳಿದರೂ ಅದು ಕುಗ್ಗುತ್ತದೆಯೇ ಹೊರತು ಬ್ರೇಕು ಹಿಡಿಯುವುದಿಲ್ಲ, ಕಾಲು ನೆಲ ಮುಟ್ಟುವುದು ಇದಕ್ಕೇ ಎಂದು ನೆಲದ ಮೇಲೆ ಗುಳ್ಳೆಗಳ ಚಿತ್ರ ಬರೆದರು. ಆಮೇಲೆ ಪ್ರಶ್ನೆ.

"ನಿಮ್ಮ ಪ್ಲಾಸ್ಟರ್ ಪುಡಿ ಡಬ್ಬಿ ಮುಚ್ಚಳ ತೆರೆದಿಟ್ಟರೆ ಏನಾಗುತ್ತಮ್ಮಾ?"

ಗಾಳಿಯ ತೇವ ಎಳೆದುಕೊಂಡು ಕೆಡುತ್ತದೆ ಎಂದೆ. ಹೇಳುತ್ತಿದ್ದ ಹಾಗೇ ಕಿವಿ ಬಿಸಿಯಾಯಿತು. ಇದೂ ಹಾಗೇ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು ಎಂದರು. ತಮ್ಮ ಪುಸ್ತಕ ತೆಗೆದು ತೋರಿಸಿದರು. ನಾಲ್ಕು ವರ್ಷದ ಹಿಂದಿನ ತಾರೀಖು, ಅದರ ಮುಂದೆ ಅವರ ದುಂಡು ಅಕ್ಷರ: ಬ್ರೇಕ್ ಆಯಿಲ್ ಬದಲಾಯಿಸಿದೆ, ಇನ್ನು ಮುಂದೆ ತಾವೇ ಬದಲಾಯಿಸಿಕೊಳ್ಳುತ್ತಾರಂತೆ.

ತಾರೀಖು ಒಂದೇ ದಿನ ಮೀರಿದ ಸಾಮಗ್ರಿಯನ್ನೂ ನಾನು ಲ್ಯಾಬಿನಲ್ಲಿ ಕಸಕ್ಕೆ ಎಸೆಯುತ್ತೇನೆ. ಇದಕ್ಕಾಗಿ ಯಜಮಾನರ ಜೊತೆ ಜಗಳವನ್ನೂ ಆಡಿದ್ದೇನೆ. ಅಪರಿಚಿತರ ಬಾಯಿಗೆ ಅಷ್ಟು ಕಾಳಜಿ ಮಾಡುವವಳು ನನ್ನ ಮಗಳು ಕೂರುವ ಕಾರಿನಲ್ಲಿ ನಾಲ್ಕು ವರ್ಷದ ಆಯಿಲ್ ಇಟ್ಟುಕೊಂಡು ಓಡಾಡಿದೆ. ನಾಚಿಕೆಯಾಯಿತು. ತುಂಬಾ ನಾಚಿಕೆಯಾಯಿತು.

ಈಗ ಹೇಳಿ, ಯಾವ ಚಿತ್ರ ಎಂದು ಮೇಷ್ಟ್ರು ಕೇಳಿದರು. ಹದಿನೈದು ದಿನದ ಓಡಾಟಕ್ಕೆ ಮೂರನೆಯ ಚಿತ್ರ ಅರ್ಧ ಅಳಿಸಿಹೋಗಿತ್ತು. ಚಪ್ಪಲಿಯ ತುದಿಯಿಂದ ಅದನ್ನೇ ತೋರಿಸಿದೆ. ಅವರು ನಗಲಿಲ್ಲ, ಅದಕ್ಕೆ ನಾನು ಋಣಿ.

ಮಾರ್ಚ್ ೨೩, ಭಾನುವಾರ

ಚೂಟಿಗೆ ಹೇಳಿಬಿಟ್ಟೆ.

ಅವಳು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಆಯಿಲ್ ನಾಲ್ಕು ವರ್ಷ ಹಳೆಯದು, ಬದಲಾಯಿಸಬೇಕಾದವಳು ನಾನೇ, ಬದಲಾಯಿಸಿರಲಿಲ್ಲ ಎಂದೆ. ಮೇಷ್ಟ್ರು ಹೇಳಿದ ಗುಳ್ಳೆಯ ಕಥೆಯನ್ನೂ ಹೇಳಿದೆ. ಅವಳು ಒಂದೇ ತಟ್ಟೆಯನ್ನು ಒರೆಸುತ್ತಲೇ ಇದ್ದಳು.

"ವಾಸನೆ ಬರ್ತಿದೆ ಅಂತ ಮೂರು ಸಲ ಹೇಳಿದೆ," ಎಂದಳು.

"ಕೇಳಿಸಿತ್ತು," ಎಂದೆ.

ಅದೊಂದು ಮಾತು ಹೇಳಲು ಇಡೀ ಕ್ಯಾಲಿಪರ್ ಕೆತ್ತಿದ್ದಕ್ಕಿಂತ ಹೆಚ್ಚು ಕಷ್ಟಪಟ್ಟೆ. ಅವಳು ತಟ್ಟೆಯನ್ನು ಜಾಗದಲ್ಲಿ ಇಟ್ಟು, ಒರೆಸುವ ಬಟ್ಟೆಯನ್ನು ನನ್ನ ಭುಜದ ಮೇಲೆ ಹಾಕಿ, ಉಳಿದದ್ದು ನೀನು ಒರೆಸು ಎಂದು ಹೋದಳು. ಒರೆಸಿದೆ. ಒಂದರ ಮೇಲೂ ನೀರಿನ ಕಲೆ ಇಲ್ಲ.

ಮಾರ್ಚ್ ೨೯, ಶನಿವಾರ

ಪ್ಯಾಡು, ಪೈಪು ಎಲ್ಲ ನಾನೇ ಹಾಕಿದೆ, ಮೇಷ್ಟ್ರು ಪಕ್ಕದಲ್ಲಿ ನಿಂತು ನೋಡಿದರು. ಎರಡು ಕಡೆ ತಿದ್ದಿದರು, ತಿದ್ದಿಸಿಕೊಂಡೆ.

ಹಳೆಯ ಆಯಿಲ್ ತೆಗೆದು ಹೊಸದು ತುಂಬುವುದಕ್ಕೆ ಮಾತ್ರ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ಸ್ಕ್ರೂ ಸಡಿಲಿಸಿ ಗಾಳಿ ಹೊರಗೆ ಬಿಟ್ಟು ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಒಳಗೆ ಹೋಗಿ ಎಲ್ಲ ಮೊದಲಿನಿಂದ ಮಾಡಬೇಕು. ಮೇಷ್ಟ್ರಿಗೆ ಮಂಡಿನೋವು, ಕಾಲು ಆಡದು. ಅಷ್ಟರಲ್ಲಿ ಚೂಟಿ ಬಂದಳು. ಬಸ್ಸಿನಿಂದ ಇಲ್ಲಿ ಇಳಿದೆ, ಹಾಗೇ ನೋಡಿ ಹೋಗೋಣ ಅಂತ ಎಂದಳು. ಕಾಲೇಜಿನ ಬಸ್ಸು ಈ ರಸ್ತೆಗೆ ಬರುವುದಿಲ್ಲ.

ಜಾಕಿನ ಮೇಲೆ ಎತ್ತಿ ನಿಲ್ಲಿಸಿದ ಕಡಜದೊಳಗೆ ಅವಳು ಚಾಲಕರ ಸೀಟಿನಲ್ಲಿ ಕೂತಳು. ನಾನು ಚಕ್ರದ ಪಕ್ಕ ನೆಲದ ಮೇಲೆ. ಒಳಗಿನಿಂದ ಅವಳು ಒತ್ತಿದೆ ಎನ್ನುತ್ತಾಳೆ, ನಾನು ಸ್ಕ್ರೂ ತೆರೆಯುತ್ತೇನೆ. ನೆಲ ಮುಟ್ಟಿತು ಎನ್ನುತ್ತಾಳೆ, ಮುಚ್ಚುತ್ತೇನೆ. ಹೀಗೆ ನಾಲ್ಕು ಚಕ್ರಕ್ಕೆ ನಲವತ್ತಕ್ಕೂ ಹೆಚ್ಚು ಸಲ. ಅವಳು ಹೇಳದೆ ನಾನು ಕೈ ಆಡಿಸುವ ಹಾಗಿಲ್ಲ, ಕೆಲಸವೇ ಅಂಥದ್ದು. ಒಂದು ಸಲವೂ ಗಾಳಿ ಒಳಗೆ ಹೋಗಲಿಲ್ಲ. ಕೊನೆಗೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿದೆ ಎಂದಳು. ಇಬ್ಬರ ಕೈಕಾಲು ಹೀಗೆ ಕೂಡಿ ಬಂದದ್ದನ್ನು ನೋಡಿಲ್ಲ ಎಂದು ಮೇಷ್ಟ್ರು ಹೇಳಿದಾಗ ನಾನು ತಾಯಿಯ ಕೈಗುಣ ಎಂದೆ. ಹಿಂದಿರುಗುವಾಗ ಅವಳು ಬಸ್ಸಿಗೇ ಹೋದಳು.

ಪ್ಲಾಸ್ಟರ್ ಕ್ಯಾಲಿಪರ್ ಗ್ಯಾರೇಜಿನ ಶೆಲ್ಫಿನಲ್ಲಿದೆ. ಬಂದವರೆಲ್ಲ ಕೇಳುತ್ತಾರಂತೆ.

ಮಾರ್ಚ್ ೩೦, ಭಾನುವಾರ

ಗುಡ್ಡ ಇಳಿಯುವಾಗ ಒಂಬತ್ತೇ ಸಲ ಬ್ರೇಕ್ ಮುಟ್ಟಿದೆ. ಬಸ್ಸು ಹನ್ನೊಂದು. ಇದಕ್ಕೆ ಟ್ರೋಫಿ ಹಿಡಿದು ಫೋಟೊ ತೆಗೆಸಿಕೊಳ್ಳುವ ಸ್ಪರ್ಧೆ ಯಾಕಿಲ್ಲವೋ ಗೊತ್ತಿಲ್ಲ.

ಏಪ್ರಿಲ್ ೪, ಶುಕ್ರವಾರ

ಬೆಳಗ್ಗೆ ಬಾಗಿಲು ಹಾಕಿಕೊಂಡು ಬಂದರೆ ಚೂಟಿ ಚೀಲ ತೂಗುಹಾಕಿಕೊಂಡು ಕಾರಿನ ಪಕ್ಕ ನಿಂತಿದ್ದಾಳೆ. ಬಸ್ಸು ತಪ್ಪಿಹೋಯಿತು ಎಂದಳು. ಬಸ್ಸು ಬರಲು ಇನ್ನೂ ಹತ್ತು ನಿಮಿಷವಿತ್ತು. ನಾನು ಊಟದ ಡಬ್ಬಿಯನ್ನು ಹಿಂದಿನ ಸೀಟಿಗೆ ಹಾಕಿದೆ.

ಮುಂದಿನ ತಿಂಗಳು ಪರೀಕ್ಷೆಯಂತೆ. ಮಾತು ಬಿಟ್ಟಿದ್ದ ಗೆಳತಿಯರು ಒಂದಾದರಂತೆ. ಆಕಳಿಸುವ ಮೇಡಂಗೆ ಮಗು ಹುಟ್ಟಿದೆಯಂತೆ.

ಏಪ್ರಿಲ್ ೬, ಭಾನುವಾರ

ಈ ದಿನ ಹೊಸ ಬ್ರೇಕಿನ ದೊಡ್ಡ ಪರೀಕ್ಷೆ ಆಗಬೇಕಿತ್ತು. ಚೂಟಿ ಜೊತೆಯಲ್ಲಿ ಅಕ್ಕನ ಮನೆಗೆ ಬರುತ್ತೇನೆ ಎಂದಿದ್ದಳು. ಇಳಿಯುವಾಗ ಯಾವ ತಿರುವಿನಲ್ಲಿ ಏನು ತೋರಿಸಬೇಕು ಎಂದು ನಾನು ಎಲ್ಲ ಯೋಚಿಸಿಟ್ಟಿದ್ದೆ. ಐದನೆಯದರಲ್ಲಿ ಪೆಡಲ್ ಎಷ್ಟು ಗಟ್ಟಿ ಇದೆ ಎಂದು, ಹನ್ನೆರಡರ ಮುಂದಿನ ಉದ್ದ ಇಳಿಜಾರಿನಲ್ಲಿ ಕಾರು ಹೇಗೆ ಗಕ್ಕನೆ ನಿಲ್ಲುತ್ತದೆ ಎಂದು.

ಹತ್ತುವಾಗ ಒಂದೇ ಸಮನೆ ಮಾತಾಡಿದಳು. ಅಕ್ಕ ನಮ್ಮಿಬ್ಬರನ್ನೂ ಒಟ್ಟಿಗೆ ಬಾಗಿಲಲ್ಲಿ ಕಂಡು ಊಟಕ್ಕೆ ಮೊದಲೇ ಎರಡು ಸಲ ನಕ್ಕಳು. ಮೂರು ಗಂಟೆಗೆ ಹೊರಟೆವು.

ನಾಲ್ಕನೆಯ ತಿರುವು ದಾಟಿ, ಉಕ್ಕಿನ ಹೆಣಿಗೆಯ ಪೈಪು ರಬ್ಬರಿನ ಹಾಗೆ ಹಿಗ್ಗುವುದಿಲ್ಲ, ಅದರ ಲಾಭ ಏನು ಗೊತ್ತೇ ಎಂದು ಶುರುಮಾಡಿದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ನಿದ್ದೆ. ತಲೆ ಕಿಟಕಿಯ ಕಡೆಗೆ ವಾಲಿದೆ, ಬಾಯಿ ಒಂದಿಷ್ಟು ತೆರೆದಿದೆ, ಮೇಲಿನ ಎಡಗಡೆಯ ಕೋರೆಹಲ್ಲು ಕಾಣುತ್ತಿದೆ. ಅದು ಸ್ವಲ್ಪ ಓರೆ, ನನ್ನದರ ಹಾಗೇ.

ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ, ನೋಡಬೇಕಾದವಳೇ ನಿದ್ದೆಹೋದಳಲ್ಲ ಎಂದು ನಿಜವಾಗಿ ಬೇಜಾರಾಯಿತು. ಎಬ್ಬಿಸಬಹುದಿತ್ತು. ಹನ್ನೆರಡರ ಮುಂದೆ ಒಂದು ಸಲ ಜೋರಾಗಿ ಒತ್ತಿದ್ದರೆ ತಾನೇ ಏಳುತ್ತಿದ್ದಳು. ಆದರೆ ವಾರವೆಲ್ಲ ಓದಿ ಓದಿ ಕಣ್ಣ ಕೆಳಗೆ ಕಪ್ಪಾಗಿದೆ ಹುಡುಗಿಗೆ. ಗೇರು ಎರಡಕ್ಕೆ ಇಳಿಸಿ ಹಾಗೇ ಬಿಟ್ಟುಕೊಂಡು ಬಂದೆ. ಪ್ರತಿ ತಿರುವಿಗೂ ಮೊದಲೇ ನಿಧಾನ ಮಾಡಿಕೊಂಡೆ. ಹಿಂದಿನಿಂದ ಬಸ್ಸು ಬಂತು, ಬದಿಗೆ ಸರಿದು ಅದಕ್ಕೆ ದಾರಿ ಬಿಟ್ಟೆ. ಕಡಜವನ್ನು ಬಸ್ಸು ಹಿಂದೆ ಹಾಕಿದ್ದು ಇದೇ ಮೊದಲು. ಯಾರೂ ನೋಡಲಿಲ್ಲ, ನೋಡಿದ್ದರೂ ನನಗೇನು. ಇಪ್ಪತ್ತೊಂದು ತಿರುವಿನಲ್ಲಿ ಅವಳ ತಲೆ ಒಂದು ಸಲವೂ ಗಾಜಿಗೆ ತಾಗಲಿಲ್ಲ. ಹೀಗೆ ಇಳಿಸಿಕೊಂಡು ಬರುವವರು ಈ ಊರಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಲಿ.

ಮನೆಯ ಮುಂದೆ ಇಂಜಿನ್ ಆರಿಸಿದೆ. ಕೆಳಗಿಳಿದು ಡಿಸ್ಕಿನ ಹತ್ತಿರ ಕೈ ಹಿಡಿದರೆ ಹಾಲು ಕಾಸಿದ ಪಾತ್ರೆಯಷ್ಟೂ ಬಿಸಿ ಇಲ್ಲ. ಮತ್ತೆ ಬಂದು ಸದ್ದಿಲ್ಲದೆ ಕೂತೆ. ಇವರು ಹೊರಗೆ ಬಂದು ಕಿಟಕಿಯ ಹತ್ತಿರ ಬಗ್ಗಿದರು.

"ಹೇಗಿದೆ ಹೊಸ ಬ್ರೇಕು?"

"ಗೊತ್ತಿಲ್ಲಾರೀ," ಎಂದು ಪಿಸುಗುಟ್ಟಿದೆ. "ಪರೀಕ್ಷೆ ಮಾಡೋಕೇ ಆಗಲಿಲ್ಲ."

ಇವರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಏನೋ ದೊಡ್ಡ ವಿಷಯ ತಿಳಿದವರ ಹಾಗೆ ತಲೆಯಾಡಿಸಿ ಒಳಗೆ ಹೋದರು. ಹೋಗುವಾಗ ಗೇಟನ್ನು ಸದ್ದಾಗದ ಹಾಗೆ ಮುಚ್ಚಿದರು. ಅವಳು ತಾನಾಗಿ ಏಳುವವರೆಗೆ ನಾವಿಬ್ಬರೂ ಕಾರಿನಲ್ಲೇ ಇದ್ದೆವು.